ಕೈಪಿಡಿಯೂ ಸರಕಿನ ಭಾಗವೇ

ಸಣ್ಣ ಉದ್ಯಮಗಳಲ್ಲಿ ಲೆಕ್ಕಪತ್ರಗಳ ನಿರ್ವಹಣೆಗೆ ಗಣಕಯಂತ್ರ ಬಂದು ಬಹಳ ಕಾಲವಾಯಿತು. ಈಗ ಉತ್ಪನ್ನದ ಗುಣಮಟ್ಟ ನಿಯಂತ್ರಣ, ಬೇಡಿಕೆಯ ಮುನ್ನಂದಾಜು, ದಾಸ್ತಾನಿನ ವಿಶ್ಲೇಷಣೆ ಮುಂತಾದ ಸಂಖ್ಯಾಶಾಸ್ತ್ರೀಯ ಕಾರ್ಯಗಳನ್ನೂ ತಂತ್ರಾಂಶಕ್ಕೆ ವಹಿಸಲಾಗುತ್ತಿದೆ. ಇಂತಹ ಕಾರ್ಯಗಳಿಗಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ‘ಆರ್’ ಪ್ರಮುಖವಾದುದು. ಅದು ಉಚಿತ. ಆದರೆ ಅದನ್ನು ತೆರೆದೊಡನೆ ಪರದೆಯ ಮೇಲೆ ಕಾಣುವ ಮೊದಲ ಸಾಲುಗಳಲ್ಲಿಯೇ ಯಾವುದೇ ಖಾತರಿ ಇಲ್ಲವೆಂಬ ಸೂಚನೆಯೂ ಇದೆ. ಬೆಲೆಯೂ ಇಲ್ಲದ, ಖಾತರಿಯೂ ಇಲ್ಲದ ಸರಕನ್ನು ನಂಬಿ ಉದ್ಯಮಿಯೊಬ್ಬ ತೀರ್ಮಾನ ಕೈಗೊಳ್ಳುವುದು ಹೇಗೆ? ಈ ಪ್ರಶ್ನೆಗೆ ಸಿಗುವ ಉತ್ತರದ ಒಂದು ಭಾಗ, ಬಹುಮಂದಿ ಕಡೆಗಣಿಸುವ ಕೈಪಿಡಿಯಲ್ಲಿದೆ.

‘ಆರ್’ ತಂತ್ರಾಂಶವನ್ನು 1990ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ರೂಪಿಸಿದರು. ಅದರ ಮೊದಲ ಪೂರ್ಣ ಆವೃತ್ತಿ ಹೊರಬಂದದ್ದು 2000ದ ಫೆಬ್ರವರಿ 29ರಂದು. ಮೂಲ ತಂತ್ರಾಂಶಕ್ಕೆ ಹೊಸ ಸೌಲಭ್ಯಗಳನ್ನು ಸೇರಿಸುವ ಕಿರು ತಂತ್ರಾಂಶಗಳಿಗೆ ‘ಪ್ಯಾಕೇಜ್’ ಎಂದು ಹೆಸರು. ಇವುಗಳ ಕೇಂದ್ರ ಉಗ್ರಾಣವಾದ ‘ಕ್ರಾನ್’ 1997ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಆರಂಭವಾಯಿತು. ಇಂದು ಅಲ್ಲಿ 20,000ಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ. ಬಹುಪಾಲು ಪ್ಯಾಕೇಜ್‌ಗಳನ್ನು ರಚಿಸಿದವರು ತಮ್ಮ ವೃತ್ತಿಯ ನಡುವೆ ಬಿಡುವು ಮಾಡಿಕೊಂಡು ದುಡಿದವರು. ಉಗ್ರಾಣವನ್ನು ನಡೆಸುವವರೂ ಬೆರಳೆಣಿಕೆಯ ಸ್ವಯಂಸೇವಕರೇ.

ಈ ಉಗ್ರಾಣಕ್ಕೆ ಸರಕು ಒಳಸೇರಬೇಕಾದರೆ ತಪಾಸಣೆಯೊಂದನ್ನು ದಾಟಬೇಕು. ತಪಾಸಣೆಯನ್ನು ಯಂತ್ರವೇ ನಡೆಸುತ್ತದೆ. ಅದರ ವರದಿಯಲ್ಲಿ ದೋಷ, ಎಚ್ಚರಿಕೆ, ಟಿಪ್ಪಣಿ ಎಂಬ ಮೂರು ದರ್ಜೆಗಳಿವೆ. ದೋಷವಾಗಲಿ ಎಚ್ಚರಿಕೆಯಾಗಲಿ ಇರುವ ಪ್ಯಾಕೇಜನ್ನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ; ಗಮನಾರ್ಹ ಟಿಪ್ಪಣಿಗಳನ್ನೂ ನಿವಾರಿಸಬೇಕು. ಎಚ್ಚರಿಕೆಗಳಲ್ಲಿ ಹಲವು, ಲೆಕ್ಕ ತಪ್ಪಾಗಿದೆ ಎಂದು ಹೇಳುವುದಿಲ್ಲ. ಕೈಪಿಡಿ ಸರಿಯಿಲ್ಲ ಎಂದು ಹೇಳುತ್ತವೆ. ಬಳಕೆದಾರನಿಗೆ ಒದಗಿಸಿದ ಒಂದು ಕಾರ್ಯಕ್ಕೆ ವಿವರಣೆಯೇ ಇಲ್ಲದಿರಬಹುದು. ಆ ಕಾರ್ಯಕ್ಕೆ ಕೊಡಬೇಕಾದ ಐದು ಮಾಹಿತಿಗಳಲ್ಲಿ ನಾಲ್ಕನ್ನು ಮಾತ್ರ ವಿವರಿಸಿರಬಹುದು. ತೆಗೆದುಹಾಕಿದ ಸೌಲಭ್ಯವೊಂದು ಕೈಪಿಡಿಯಲ್ಲಿ ಇನ್ನೂ ಉಳಿದಿರಬಹುದು. ಕೈಪಿಡಿಯಲ್ಲಿ ಕಾಣಿಸಿದ ಬಳಕೆಯ ಕ್ರಮವೇ ಒಂದು, ತಂತ್ರಾಂಶದ ಒಳಗಿರುವುದೇ ಇನ್ನೊಂದು ಆಗಿರಬಹುದು. ಇವೆಲ್ಲವೂ ಎಚ್ಚರಿಕೆಗೆ ಕಾರಣಗಳೇ.

ಬಿಡುಗಡೆಯ ಹೊಸ್ತಿಲಲ್ಲಿ ನಿಂತ ತಯಾರಕನಿಗೆ ಇದು ಕಿರಿಕಿರಿಯೆನಿಸುವುದು ಸಹಜ. ಲೆಕ್ಕ ಸರಿಯಾಗಿದೆ, ಪರೀಕ್ಷೆಗಳೆಲ್ಲ ಉತ್ತೀರ್ಣವಾಗಿವೆ. ಒಂದು ಸಾಲಿನ ವಿವರಣೆ ಇಲ್ಲವೆಂದು ಪ್ಯಾಕೇಜನ್ನು ಹಿಂದಿರುಗಿಸುವುದು ನ್ಯಾಯವೇ ಎಂದು ಆತ ಕೇಳುತ್ತಾನೆ. ರಫ್ತು ವ್ಯಾಪಾರ ಮಾಡಿದವರಿಗೆ ಈ ಪ್ರಶ್ನೆ ಹೊಸದಲ್ಲ. ಲೆಟರ್ ಆಫ್ ಕ್ರೆಡಿಟ್ ವ್ಯವಹಾರದಲ್ಲಿ ಬ್ಯಾಂಕು ಪರಿಶೀಲಿಸುವುದು ದಾಖಲೆಗಳನ್ನೇ ಹೊರತು ಸರಕನ್ನಲ್ಲ. 2007ರ ಜುಲೈ 1ರಿಂದ ಜಾರಿಯಲ್ಲಿರುವ ಯು.ಸಿ.ಪಿ. 600 ನಿಯಮಾವಳಿಯ ಮೂಲತತ್ತ್ವಗಳಲ್ಲಿ ಇದೂ ಒಂದು. ಇನ್‌ವಾಯ್ಸ್‌ನಲ್ಲಿರುವ ಸರಕಿನ ವಿವರ ಲೆಟರ್ ಆಫ್ ಕ್ರೆಡಿಟ್‌ನೊಂದಿಗೆ ತಾಳೆಯಾಗದಿದ್ದರೆ, ಪೆಟ್ಟಿಗೆಯೊಳಗಿನ ಸರಕು ಎಷ್ಟೇ ಉತ್ತಮವಾಗಿದ್ದರೂ ಹಣ ನಿಲ್ಲುತ್ತದೆ. ಸರಕನ್ನು ಕಣ್ಣಾರೆ ಕಾಣಲಾಗದವನಿಗೆ ದಾಖಲೆಯೇ ಆಧಾರ. ತಂತ್ರಾಂಶವನ್ನು ಬಳಸುವವನ ಸ್ಥಿತಿಯೂ ಇದೇ. ಅದರ ಒಳಗನ್ನು ಓದಿ ತಿಳಿಯುವ ಅವಕಾಶ ‘ಆರ್’ನಲ್ಲಿ ಎಲ್ಲರಿಗೂ ಇದೆ, ಸಾಮರ್ಥ್ಯ ಕೆಲವರಿಗೆ ಮಾತ್ರ. ಉಳಿದವರು ಕೈಪಿಡಿಯನ್ನೇ ನಂಬಬೇಕು.

ಈ ನಂಬಿಕೆ ಕೆಟ್ಟರೆ ಆಗುವ ನಷ್ಟವನ್ನು ಕಾರ್ಖಾನೆಯ ಉದಾಹರಣೆಯಿಂದಲೇ ಅರಿಯಬಹುದು. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ನಿಯಂತ್ರಣ ನಕ್ಷೆ ಇಂದಿಗೂ ಗುಣಮಟ್ಟ ನಿಯಂತ್ರಣದ ಮುಖ್ಯ ಸಾಧನ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಹ್ವಾನದ ಮೇರೆಗೆ ಅವರು 1947-48ರಲ್ಲಿ ಭಾರತಕ್ಕೂ ಬಂದಿದ್ದರು. ಈ ನಕ್ಷೆಯಲ್ಲಿ ಸರಾಸರಿಯಿಂದ ಮೇಲಕ್ಕೂ ಕೆಳಕ್ಕೂ ಮೂರು ಮಾನಕ ವಿಚಲನೆಗಳಷ್ಟು ದೂರದಲ್ಲಿ ಗಡಿರೇಖೆ ಎಳೆಯುವುದು ವಾಡಿಕೆ. ಅಳತೆಗಳು ಪ್ರಸಾಮಾನ್ಯ ವಿತರಣೆಯನ್ನು ಅನುಸರಿಸುತ್ತಿದ್ದರೆ, ಯಂತ್ರ ಸುಸ್ಥಿತಿಯಲ್ಲಿದ್ದಾಗಲೂ 10,000 ಬಿಂದುಗಳಲ್ಲಿ ಸುಮಾರು 27 ಗಡಿಯಾಚೆ ಬೀಳುತ್ತವೆ. ಗಡಿಯನ್ನು ಎರಡು ಮಾನಕ ವಿಚಲನೆಗಳಿಗೆ ಇಳಿಸಿದರೆ ಆ ಸಂಖ್ಯೆ ಸುಮಾರು 455 ಆಗುತ್ತದೆ. ಒಂದು ಪ್ಯಾಕೇಜಿನ ಕೈಪಿಡಿಯಲ್ಲಿ ಗಡಿ ಮೂರು ಎಂದಿದ್ದು, ಹೊಸ ಆವೃತ್ತಿಯಲ್ಲಿ ತಯಾರಕ ಅದನ್ನು ಎರಡಕ್ಕೆ ಬದಲಿಸಿ ಕೈಪಿಡಿಯನ್ನು ಮರೆತನೆಂದು ಭಾವಿಸೋಣ. ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ಆದರೂ ಕೈಪಿಡಿಯನ್ನು ನಂಬಿದ ಸಣ್ಣ ತಯಾರಕ, ಸರಿಯಾಗಿರುವ ಲೇತ್ ಯಂತ್ರವನ್ನು ಮತ್ತೆಮತ್ತೆ ನಿಲ್ಲಿಸಿ ಪರೀಕ್ಷಿಸುತ್ತಾನೆ. ಉತ್ಪಾದನೆ ಕುಂಠಿತವಾಗುತ್ತದೆ, ಕೆಲಸಗಾರನ ಮೇಲೆ ವಿನಾಕಾರಣ ಆಕ್ಷೇಪ ಬರುತ್ತದೆ.

ಕೈಪಿಡಿಯ ಬಳಕೆಯ ಸಾಲಿನಲ್ಲಿ ಮೂರು ಎಂದಿದ್ದು ತಂತ್ರಾಂಶದಲ್ಲಿ ಎರಡು ಎಂದಿದ್ದರೆ, ತಪಾಸಣೆಯ ಯಂತ್ರ ಆ ವ್ಯತ್ಯಾಸವನ್ನು ಹಿಡಿದು ಎಚ್ಚರಿಕೆ ಕೊಡುತ್ತದೆ. ಇಲ್ಲಿಯೇ ಮುಖ್ಯವಾದ ಅಪಾಯವೂ ಇದೆ. ಈಗ ಬಹುಮಂದಿ ತಯಾರಕರು ‘ರಾಕ್ಸಿಜೆನ್’ ಎಂಬ ಸಾಧನವನ್ನು ಬಳಸುತ್ತಾರೆ. ತಂತ್ರಾಂಶದ ಸಾಲುಗಳ ಮೇಲೆಯೇ ವಿವರಣೆಯನ್ನು ಬರೆದಿಟ್ಟರೆ ಅದು ಕೈಪಿಡಿಯ ಪುಟವನ್ನು ತಾನೇ ಸಿದ್ಧಪಡಿಸುತ್ತದೆ. ಒಮ್ಮೆ ಅದನ್ನು ಮರಳಿ ಓಡಿಸಿದರೆ ಬಳಕೆಯ ಸಾಲಿನಲ್ಲಿದ್ದ ಮೂರು ತಾನಾಗಿಯೇ ಎರಡಾಗುತ್ತದೆ. ಎಚ್ಚರಿಕೆ ಮಾಯವಾಗುತ್ತದೆ. ಆದರೆ ಅದರ ಕೆಳಗೆ, ಗಡಿರೇಖೆಗಳು ಮೂರು ಮಾನಕ ವಿಚಲನೆಗಳ ದೂರದಲ್ಲಿವೆ ಎಂದು ತಯಾರಕ ಹಿಂದೆ ಬರೆದಿದ್ದ ವಾಕ್ಯ ಹಾಗೆಯೇ ಉಳಿಯುತ್ತದೆ. ಯಂತ್ರ ಅಂಕಿಯನ್ನು ತಾಳೆ ನೋಡಬಲ್ಲದು. ವಾಕ್ಯದ ಸತ್ಯವನ್ನು ಅರಿಯಲಾರದು.

ಎಚ್ಚರಿಕೆಯನ್ನು ಅಡಗಿಸುವುದು ಬೇರೆ, ಅದರ ಕಾರಣವನ್ನು ನಿವಾರಿಸುವುದು ಬೇರೆ. ಅಡಗಿಸುವ ದಾರಿಗಳು ಹಲವಿವೆ. ವಿವರಣೆಯ ಸ್ಥಳದಲ್ಲಿ ಮಾಹಿತಿಯ ಹೆಸರನ್ನೇ ಮತ್ತೊಮ್ಮೆ ಬರೆದರೂ ಯಂತ್ರಕ್ಕೆ ತೃಪ್ತಿ. ಇನ್ನೊಂದು ಕಾರ್ಯದ ವಿವರಣೆಯನ್ನು, ಅದು ಇಲ್ಲಿಗೆ ಹೊಂದುವುದೇ ಎಂದು ನೋಡದೆ ಎರವಲು ತರಬಹುದು. ಓಡಿಸಿದರೆ ವಿಫಲವಾಗುವ ಉದಾಹರಣೆಯನ್ನು ಸರಿಪಡಿಸದೆ, ಅದನ್ನು ಓಡಿಸಬಾರದೆಂದು ಗುರುತು ಹಾಕಿಬಿಡಬಹುದು. ಇವು ಎಲ್ಲ ಸಂದರ್ಭಗಳಲ್ಲಿಯೂ ಮೋಸವಲ್ಲ. ಎರವಲು ವಿವರಣೆ ಸರಿಯಾಗಿದ್ದರೆ ಅದು ಶ್ರಮದ ಉಳಿತಾಯವೇ. ಆದರೆ ಬಿಡುಗಡೆಯ ಅವಸರದಲ್ಲಿ ಇವನ್ನು ಬಳಸಿದಾಗ ಖಾಲಿ ಪುಟಕ್ಕಿಂತ ಕೆಟ್ಟ ಪುಟ ಸಿದ್ಧವಾಗುತ್ತದೆ. ಖಾಲಿ ಪುಟ ಓದುಗನನ್ನು ಎಚ್ಚರಿಸುತ್ತದೆ. ತುಂಬಿದಂತೆ ಕಾಣುವ ಪುಟ ಅವನನ್ನು ನಂಬಿಸುತ್ತದೆ. ತೂಕ ಮಾಡದೆ ತೂಕದ ಚೀಟಿ ಅಂಟಿಸುವ ವ್ಯಾಪಾರಿಯ ಪೊಟ್ಟಣಕ್ಕಿಂತ ಇದು ಭಿನ್ನವಲ್ಲ.

ಉಗ್ರಾಣದ ಕಟ್ಟುನಿಟ್ಟಿಗೂ ಬೆಲೆಯಿದೆ ಎಂಬುದನ್ನು ಒಪ್ಪಬೇಕು. ‘ಆರ್’ನ ನಿಯಮಗಳು ಬದಲಾದಾಗ ಹಳೆಯ ಪ್ಯಾಕೇಜ್‌ಗಳಲ್ಲಿಯೂ ಹೊಸ ಎಚ್ಚರಿಕೆಗಳು ಹುಟ್ಟುತ್ತವೆ. 2022ರಲ್ಲಿ ಕೈಪಿಡಿಯ ಪುಟಗಳು ಎಚ್‌.ಟಿ.ಎಂ.ಎಲ್. 5 ಮಾದರಿಗೆ ಬದಲಾದಾಗ, ವಿವರಣೆಯಲ್ಲಿ ಯಾವ ತಪ್ಪೂ ಇಲ್ಲದ ಅನೇಕ ತಯಾರಕರು ಕೇವಲ ಪುಟದ ರಚನೆಯ ದೋಷಕ್ಕಾಗಿ ಹೊಸ ಆವೃತ್ತಿ ಸಿದ್ಧಪಡಿಸಬೇಕಾಯಿತು. ಕೊಟ್ಟ ಗಡುವಿನೊಳಗೆ ತಿದ್ದದ ಪ್ಯಾಕೇಜನ್ನು ಪಟ್ಟಿಯಿಂದ ತೆಗೆದು ಹಳೆಯ ದಾಸ್ತಾನಿಗೆ ಸೇರಿಸಲಾಗುತ್ತದೆ. ಅದನ್ನು ಅವಲಂಬಿಸಿದ ಇತರ ಪ್ಯಾಕೇಜ್‌ಗಳಿಗೂ ಇದರಿಂದ ತೊಂದರೆ. ಸಂಬಳವಿಲ್ಲದೆ ದುಡಿಯುವವನಿಗೆ ಇದು ಹೊರೆ. ಬರಿಯ ಬಾಹ್ಯರೂಪಕ್ಕೆ ಸಂಬಂಧಿಸಿದ ಬೇಡಿಕೆಗಳಿಗೆ ಹೆಚ್ಚು ಕಾಲಾವಕಾಶ ಕೊಡುವುದು, ಅರ್ಥಕ್ಕೆ ಸಂಬಂಧಿಸಿದವುಗಳಲ್ಲಿ ಸಡಿಲಿಕೆ ತೋರದಿರುವುದು ನ್ಯಾಯವಾದ ಕ್ರಮವಾದೀತು. ಆದರೆ ಹೊರೆಯ ಕಾರಣಕ್ಕೆ ತಪಾಸಣೆಯನ್ನೇ ಬಿಟ್ಟಿದ್ದರೆ, ಪರಸ್ಪರ ಅಪರಿಚಿತರು ರಚಿಸಿದ 20,000 ಪ್ಯಾಕೇಜ್‌ಗಳು ಒಂದೇ ಉಗ್ರಾಣದಲ್ಲಿ ವಿಶ್ವಾಸಾರ್ಹವಾಗಿ ಉಳಿಯುತ್ತಿರಲಿಲ್ಲ.

ಸಣ್ಣ ಉದ್ಯಮಿಗಳು ಇದರಿಂದ ಕಲಿಯಬೇಕಾದುದು ಸ್ಪಷ್ಟವಾಗಿದೆ. ತಮ್ಮ ಘಟಕಕ್ಕಾಗಿ ತಂತ್ರಾಂಶ ಬರೆಸುವಾಗ ಬಹುತೇಕರು ಬೆಲೆಯನ್ನೂ ಅವಧಿಯನ್ನೂ ಮಾತನಾಡುತ್ತಾರೆ. ಕೈಪಿಡಿಯ ಮಾತನ್ನು ಎತ್ತುವುದಿಲ್ಲ. ತಂತ್ರಾಂಶ ಬರೆದ ಯುವಕ ಬೇರೆ ಕೆಲಸಕ್ಕೆ ಹೋದ ದಿನ, ಯಾವ ಅಂಕಿ ಎಲ್ಲಿಂದ ಬಂತೆಂದು ಹೇಳುವವರು ಉಳಿಯುವುದಿಲ್ಲ. ಆದ್ದರಿಂದ ಖರೀದಿ ಆದೇಶದಲ್ಲಿಯೇ ಕೆಲವು ಷರತ್ತುಗಳು ಇರಬೇಕು. ಪ್ರತಿಯೊಂದು ಕಾರ್ಯಕ್ಕೂ ಕೊಡಬೇಕಾದ ಮಾಹಿತಿ ಯಾವುದು, ಮರಳಿ ಬರುವ ಉತ್ತರ ಯಾವುದು, ಏನನ್ನೂ ಸೂಚಿಸದಿದ್ದಾಗ ತಂತ್ರಾಂಶ ತಾನೇ ಇಟ್ಟುಕೊಳ್ಳುವ ಮೌಲ್ಯ ಯಾವುದು ಎಂಬುದು ಕೈಪಿಡಿಯಲ್ಲಿರಬೇಕು. ಪ್ರತಿ ಬದಲಾವಣೆಯೊಂದಿಗೆ ತಿದ್ದಿದ ಪುಟವೂ ಬರಬೇಕು. ಕೊನೆಯ ಕಂತಿನ ಪಾವತಿಗೆ ಮುನ್ನ ತಂತ್ರಾಂಶವನ್ನು ಬರೆಯದ ಇನ್ನೊಬ್ಬ ನೌಕರ ಕೈಪಿಡಿಯನ್ನು ಮಾತ್ರ ಹಿಡಿದು ಅದನ್ನು ಓಡಿಸಿ ನೋಡಬೇಕು. ಆತ ಎಲ್ಲಿ ತಡೆದು ನಿಲ್ಲುತ್ತಾನೋ ಅಲ್ಲಿ ವಿವರಣೆಯ ಕೊರತೆಯಿದೆ ಎಂದರ್ಥ. ಯಂತ್ರದ ತಪಾಸಣೆಗೆ ದಕ್ಕದ ತಪ್ಪುಗಳು ಈ ಸರಳ ಪರೀಕ್ಷೆಯಲ್ಲಿ ಬಯಲಾಗುತ್ತವೆ.

ಇಷ್ಟಕ್ಕೆ ತಗಲುವ ವೆಚ್ಚ ಕೆಲವು ದಿನಗಳ ಕೂಲಿ. ಅದನ್ನು ಉಳಿಸಿದವನು ಒಂದು ದಿನ ತನ್ನದೇ ತಂತ್ರಾಂಶದ ಮುಂದೆ ಅಪರಿಚಿತನಂತೆ ನಿಲ್ಲಬೇಕಾಗುತ್ತದೆ. ಕೈಪಿಡಿಗೆ ಪ್ರತ್ಯೇಕ ಬೆಲೆ ಕಟ್ಟುವುದು ಉದ್ಯಮಿಗೆ ಕಷ್ಟವೆನಿಸಬಹುದು. ಆದರೆ ಅದಿಲ್ಲದ ತಂತ್ರಾಂಶಕ್ಕೆ ಪೂರ್ಣ ಬೆಲೆ ತೆರುವುದನ್ನಾದರೂ ಆತ ನಿಲ್ಲಿಸಬೇಕು.