ಕಾರ್ಟೂನಿನಿಂದ ಹುಟ್ಟಿದ ಸಂಗೀತ

ಮಕ್ಕಳು ದೂರದರ್ಶನದ ಮುಂದೆ ಕುಳಿತು ಕಾರ್ಟೂನ್ ಚಿತ್ರಗಳನ್ನು ನೋಡಿ ನಗುತ್ತಿರುವಾಗ, ಹಿರಿಯರಾದವರು ಅದನ್ನು ಬರಿಯ ಗದ್ದಲವೆಂದೆಣಿಸುವುದು ವಾಡಿಕೆ. ಅಂತಹ ಗದ್ದಲದಿಂದಲೇ ಉತ್ತಮವಾದ ವಾದ್ಯಕೃತಿಯೊಂದು ಹುಟ್ಟಿದ ವೃತ್ತಾಂತವನ್ನು ನಮ್ಮ ವಾಚಕರಿಗೆ ಈ ತಿಂಗಳು ಅರಿಕೆ ಮಾಡುತ್ತೇವೆ.

ಮಾತಿನ ನೆರವಿಲ್ಲದೆ, ವಾದ್ಯಗಳಿಂದಲೇ ಕಥೆಯನ್ನಾಗಲಿ ಪಾತ್ರವನ್ನಾಗಲಿ ಚಿತ್ರಿಸುವ ಕೃತಿಗೆ ಪಾಶ್ಚಾತ್ಯರು ಸ್ವರಕಾವ್ಯವೆನ್ನುವರು. ಜರ್ಮನಿಯ ರಿಚರ್ಡ್ ಸ್ಟ್ರೌಸರು 1895ರಲ್ಲಿ ಟಿಲ್ ಎಂಬ ಜನಪದ ಕಥೆಗಳ ತುಂಟನನ್ನು ಹೀಗೆ ಚಿತ್ರಿಸಿದರು. ಅವನ ಕೀಟಲೆಯನ್ನು ಹಾರ್ನ್ ಮತ್ತು ಕ್ಲಾರಿನೆಟ್ ವಾದ್ಯಗಳೇ ಬಣ್ಣಿಸುತ್ತವೆ. ತುಂಟನು ಸಂಗೀತಕ್ಕೆ ವಸ್ತುವಾಗುವುದು ಹೊಸತಲ್ಲವೆಂಬುದು ಇದರಿಂದ ವ್ಯಕ್ತವಾಗುವುದು.

ಅಮೆರಿಕದ ವಾಗ್ಗೇಯಕಾರರಾದ ಜಾನ್ ಆಡಮ್ಸರು ಷೋನ್‌ಬರ್ಗರ 1906ರ ಚೇಂಬರ್ ಸಿಂಫನಿಯೆಂಬ ಕಠಿಣವಾದ ಕೃತಿಯನ್ನು ಅಭ್ಯಾಸ ಮಾಡುತ್ತಿದ್ದರು. ಪಕ್ಕದ ಕೋಣೆಯಲ್ಲಿ ಅವರ ಏಳು ವರ್ಷದ ಮಗನು ಹಳೆಯ ಕಾರ್ಟೂನುಗಳನ್ನು ನೋಡುತ್ತಿದ್ದನು. ಎರಡು ನಾದಗಳೂ ಅವರ ತಲೆಯೊಳಗೆ ಬೆರೆತುವು. ಎರಡರಲ್ಲಿಯೂ ಅದೇ ಬಿಡುವಿಲ್ಲದ ಓಟ, ಅದೇ ದೊಂಬರಾಟದ ನೆಗೆತ! ಈ ಸಾದೃಶ್ಯವೇ ಬೀಜವಾಗಿ 1992ರಲ್ಲಿ ಅವರ ಚೇಂಬರ್ ಸಿಂಫನಿಯು ರಚಿತವಾಯಿತು. 1993ರ ಜನವರಿಯಲ್ಲಿ ಹೇಗ್ ನಗರದಲ್ಲಿ ಅದರ ಪ್ರಥಮ ಪ್ರದರ್ಶನವಾಯಿತು. ಹದಿನೈದು ಮಂದಿ ವಾದಕರು ನುಡಿಸುವ ಈ ಕೃತಿಯ ಮೂರನೆಯ ಭಾಗಕ್ಕೆ ‘ರೋಡ್‌ರನ್ನರ್’ ಎಂದು ಹೆಸರು. 1949ರಲ್ಲಿ ಚಕ್ ಜೋನ್ಸರ ಚಿತ್ರದಲ್ಲಿ ಮೊದಲು ಕಾಣಿಸಿಕೊಂಡು, ಬೆನ್ನಟ್ಟುವ ತೋಳಜಾತಿಯ ಮೃಗಕ್ಕೆ ಸಿಕ್ಕದೆ ಓಡುವ ಹಕ್ಕಿಯ ಹೆಸರೂ ಇದೇ.

ಕಾರ್ಟೂನಿನ ಸಂಗೀತವೇನು ಸುಲಭವೇ? 1936ರಿಂದ 1958ರವರೆಗೆ ವಾರ್ನರ್ ಬ್ರದರ್ಸ್ ಚಿತ್ರಗಳಿಗೆ ಸಂಗೀತವನ್ನೊದಗಿಸಿದ ಕಾರ್ಲ್ ಸ್ಟಾಲಿಂಗರು ಪಾತ್ರದ ಹೆಜ್ಜೆಗೂ ಜಾರಿಕೆಗೂ ಬೀಳಿಕೆಗೂ ತಕ್ಕ ಸ್ವರವನ್ನು ಅಳೆದು ಜೋಡಿಸುತ್ತಿದ್ದರು. ಕ್ಷಣಕ್ಕೊಮ್ಮೆ ಗತಿ ಬದಲಾದರೂ ತಾಳ ತಪ್ಪುವಂತಿಲ್ಲ. ವಾದಕನಿಗೆ ಇದು ನಗೆಯ ಮಾತಲ್ಲ.

ಆದರೂ ಉನ್ನತ ಸಂಗೀತದಲ್ಲಿ ಇಂತಹುದಕ್ಕೆ ಎಡೆಯುಂಟೇ ಎಂದು ಕೇಳುವವರಿರುವರು. ಆಡಮ್ಸರ ಸಂಗೀತಕ್ಕೆ ಕುಲೀನತೆ ಸಾಲದೆಂದು ಬ್ರಿಟಿಷ್ ವಿಮರ್ಶಕರೊಬ್ಬರು ಆಕ್ಷೇಪಿಸಿದ್ದರು. ಅದಕ್ಕೆ ಉತ್ತರವಾಗಿಯೇ ಆಡಮ್ಸರು ಈ ಕೃತಿಯ ಮೊದಲನೆಯ ಭಾಗಕ್ಕೆ ‘ಬೆರಕೆಯ ರಾಗಗಳು’ ಎಂಬರ್ಥದ ಹೆಸರನ್ನಿಟ್ಟರು. ಬೆರಕೆಯೆಂಬುದನ್ನು ಅವರು ಮರೆಮಾಡಲಿಲ್ಲ, ನಾಮಕರಣವನ್ನೇ ಮಾಡಿದರು.

ಕಾರ್ಟೂನಿನ ಪಾತ್ರವನ್ನು ಕುರಿತು ಸಂಗೀತವನ್ನು ರಚಿಸಬಯಸುವ ತರುಣರು ಇದರಿಂದ ಒಂದು ಪಾಠವನ್ನು ಕಲಿಯಬಹುದು. ಪಾತ್ರದ ಕೂಗನ್ನು ಅನುಕರಿಸಿದ ಮಾತ್ರಕ್ಕೆ ಕೃತಿಯಾಗದು. ಅದು ಹೇಗೆ ಓಡುವುದು, ಬಿದ್ದ ಮೇಲೆ ಹೇಗೆ ಏಳುವುದು ಎಂಬ ಗತಿಯನ್ನು ಹಿಡಿಯಬೇಕು. ಆ ಗತಿಯನ್ನು ಹಿಡಿದರೆ, ಚಿತ್ರವನ್ನೇ ಕಾಣದ ಕೇಳುಗನಿಗೂ ಹಕ್ಕಿಯು ಓಡುವುದು ತಿಳಿಯುವುದು.