ಮನಸ್ಸಿನ ನೋವಿಗೆ ಯಾರ ನೆರವು?

ಮನಸ್ಸು ಕುಗ್ಗಿದಾಗ ಯಾರ ಬಳಿ ಹೋಗಬೇಕೆಂಬ ಗೊಂದಲವೇ ಅನೇಕರ ಚಿಕಿತ್ಸೆಯನ್ನು ತಡವಾಗಿಸುತ್ತಿದೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ಪದವಿ ಪಡೆದವರು. ಕಾಯಿಲೆ ಗುರುತಿಸಿ ಔಷಧ ಬರೆಯುತ್ತಾರೆ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರು. ಮಾನಸಿಕ ಪರೀಕ್ಷೆ, ಮಾತಿನ ಚಿಕಿತ್ಸೆ ಅವರ ಕೆಲಸ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ರೋಗಿಯ ಕುಟುಂಬ, ದುಡಿಮೆಯನ್ನೂ ಗಮನಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಮೂರೂ ವಿಭಾಗಗಳಿವೆ.

ಆದರೆ ಆಪ್ತಸಮಾಲೋಚಕರೆಂದು ಫಲಕ ಹಾಕಿದವರೆಲ್ಲರ ಓದು ಒಂದೇ ಮಟ್ಟದ್ದಲ್ಲ. ಅರ್ಹತೆ ವಿಚಾರಿಸುವುದು ಉದ್ಧಟತನವಲ್ಲ, ರೋಗಿಯ ಹಕ್ಕು. ಪ್ರತಿ ಚಿಕಿತ್ಸಾಲಯವೂ ಚಿಕಿತ್ಸಕರ ಅರ್ಹತೆಯನ್ನು ಕನ್ನಡದಲ್ಲಿ ಪ್ರಕಟಿಸುವಂತೆ ಸರ್ಕಾರ ಕಡ್ಡಾಯ ಮಾಡಬೇಕು. ದಾರಿ ತೋಚದವರು ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲಿ. ನೆರವು ಕೇಳಲು ಸಂಕೋಚ ಬೇಡ.