ಹಾಡಿಗೆ ಬೀಗ ಜಡಿದವರು

ಐನೂರು ತಟ್ಟೆಗಳು. ೧೯೭೬ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ‘ಸೇಂಟ್ಸ್’ ಎಂಬ ತಂಡದ ಹುಡುಗರು ತಮ್ಮ ‘ಸ್ಟ್ರಾಂಡೆಡ್’ ಹಾಡನ್ನು ಅಚ್ಚು ಹಾಕಿಸಿದ್ದು ಇಷ್ಟೇ. ಕಂಪನಿಗಳು ಅವರನ್ನು ತಿರುಗಿ ನೋಡಿರಲಿಲ್ಲ. ಆದುದರಿಂದ ‘ಫೇಟಲ್’ ಎಂಬ ಹೆಸರಿಟ್ಟುಕೊಂಡು ತಾವೇ ಕಂಪನಿಯಾದರು. ತಟ್ಟೆಗಳನ್ನು ಅಂಚೆಯ ಮೂಲಕ ಪರದೇಶಗಳಿಗೂ ಕಳುಹಿಸಿದರು. ಲಂಡನ್ನಿನ ‘ಸೌಂಡ್ಸ್’ ಪತ್ರಿಕೆ ಹಾಡಿ ಹೊಗಳಿದ ಮೇಲೆ ಇ.ಎಂ.ಐ. ಎಂಬ ದೊಡ್ಡ ಕಂಪನಿಯ ಕಣ್ಣು ತೆರೆಯಿತು.

ಇಂದು ಆ ಐನೂರರಲ್ಲಿ ಒಂದು ಹರಾಜಿಗೆ ಬಂದರೆ ಬೆಲೆ ನೂರಾರು ಡಾಲರಿಗೆ ಏರುತ್ತದೆ. ಕೆಲವೊಮ್ಮೆ ಸಾವಿರವನ್ನೂ ದಾಟುತ್ತದೆ. ಕೊಂಡವನು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಪಾಟಿಗೆ ಬೀಗ ಹಾಕುತ್ತಾನೆ. ‘ಅಪರೂಪದ ವಸ್ತು’ ಎಂದು ಬೀಗುತ್ತಾನೆ. ನಾವು ಕೇಳುವ ಪ್ರಶ್ನೆ ಒಂದೇ: ಈ ಅಪರೂಪ ಎಲ್ಲಿಂದ ಹುಟ್ಟಿತು? ಸಾವಿರಾರು ತಟ್ಟೆ ಹಾಕಿಸಲು ಆ ಹುಡುಗರ ಹಿಂದೆ ಯಾವ ಹಣವಂತನೂ ಇರಲಿಲ್ಲ ಎಂಬುದರಿಂದ. ಅವರ ಬರಿಗೈಯೇ ಇಂದು ಮತ್ತೊಬ್ಬರ ಬಂಡವಾಳವಾಗಿದೆ.

ಆ ಹಾಡುಗಳು ಹುಟ್ಟಿದ ಕಾಲವನ್ನು ಸ್ವಲ್ಪ ನೆನೆಯಿರಿ. ಪಂಕ್ ಎಂದರೆ ನಾಲ್ಕು ಜನ, ಎರಡು ಮೂರು ಗಿಟಾರು, ಒಂದು ಡ್ರಮ್ಮು, ಮೂರು ನಿಮಿಷದ ಆರ್ಭಟ. ಸಂಗೀತ ಶಾಲೆಯ ಪದವಿ ಬೇಡ, ಸಿಟ್ಟಿದ್ದರೆ ಸಾಕು. ಬ್ರಿಸ್ಬೇನಿನಲ್ಲಿ ಸಿಟ್ಟಿಗೆ ಬರವಿರಲಿಲ್ಲ. ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಗದ್ದುಗೆಯ ಮೇಲೆ ೧೯೬೮ರಿಂದ ೧೯೮೭ರ ತನಕ ಜೋ ಬ್ಯೆಲ್ಕೆ-ಪೀಟರ್ಸನ್ ಎಂಬ ಮಹಾಶಯರು ಕುಳಿತಿದ್ದರು. ೧೯೭೭ರ ಸೆಪ್ಟೆಂಬರಿನಲ್ಲಿ ಅವರು ಬೀದಿ ಮೆರವಣಿಗೆಗಳನ್ನೇ ನಿಷೇಧಿಸಿದರು. ಮುಂದಿನ ತಿಂಗಳು ಒಂದೇ ದಿನ ನಾನೂರಕ್ಕೂ ಹೆಚ್ಚು ಜನರನ್ನು ಪೋಲೀಸರು ಹಿಡಿದೊಯ್ದರು. ಪಂಕ್ ಕುಣಿತಗಳ ಮೇಲೂ ಪೋಲೀಸರ ದಾಳಿ ಸಾಮಾನ್ಯವಾಗಿತ್ತು. ಸೇಂಟ್ಸ್ ಹುಡುಗರು ಪೆಟ್ರಿ ಟೆರೇಸಿನ ತಮ್ಮ ಬಾಡಿಗೆ ಮನೆಯನ್ನೇ ‘ಕ್ಲಬ್ ೭೬’ ಎಂದು ಕರೆದು ಅಲ್ಲಿಯೇ ಬಾರಿಸಿದರು. ೧೯೭೮ರಲ್ಲಿ ‘ರೇಜರ್’ ಎಂಬ ತಂಡ ತಮ್ಮನ್ನು ಕಾಡುತ್ತಿದ್ದ ಪೋಲೀಸು ದಳದ ಮೇಲೆಯೇ ಹಾಡು ಕಟ್ಟಿ ತಟ್ಟೆ ಹೊರಡಿಸಿತು. ಪರ್ತ್ ನಗರದ ‘ವಿಕ್ಟಿಮ್ಸ್’ ಟೆಲಿವಿಷನ್ ಹುಚ್ಚಿನ ಮೇಲೆ ಹಾಡಿದರು. ೧೯೮೦ರಲ್ಲಿ ಬ್ರಿಸ್ಬೇನಿನ ‘ಫನ್ ಥಿಂಗ್ಸ್’ ತಂಡ ಮತ್ತೆ ಐನೂರೇ ತಟ್ಟೆ ಹಾಕಿಸಿತು.

ಇವೆಲ್ಲ ಜನ ಕೇಳಲೆಂದು ಮಾಡಿದ ಹಾಡುಗಳು. ಹಾಡಿದವನು ಬೀದಿಗೆ ಕೇಳಲೆಂದು ಕಿರುಚಿದ. ಕೊಂಡವನು ನೆರೆಮನೆಗೂ ಕೇಳಿಸದಂತೆ ಮುಚ್ಚಿಟ್ಟಿದ್ದಾನೆ!

ಈ ವ್ಯಾಪಾರದ ತರ್ಕವನ್ನು ನೋಡಿ. ಸೂಜಿ ಓಡಿದಂತೆಲ್ಲ ತಟ್ಟೆಯ ಗೀರು ಸವೆಯುತ್ತದೆ, ಗೀರು ಸವೆದಂತೆಲ್ಲ ಬೆಲೆ ಇಳಿಯುತ್ತದೆ. ಎಂದಮೇಲೆ ಯಾರೂ ಎಂದೂ ಕೇಳದ ಹಾಡಿಗೇ ಎಲ್ಲಕ್ಕಿಂತ ಹೆಚ್ಚು ಬೆಲೆ. ತಟ್ಟೆಯ ನಡುವಿನ ಖಾಲಿ ಪಟ್ಟಿಯಲ್ಲಿ ಕೊರೆದ ಅಂಕಿಯನ್ನು ಭೂತಗನ್ನಡಿ ಹಿಡಿದು ಓದುತ್ತಾರೆ. ಮೊದಲನೆಯ ಅಚ್ಚೋ ಎರಡನೆಯದೋ ಎಂದು ವಾದಿಸುತ್ತಾರೆ. ಹಾಡು ಒಂದೇ, ಬೆಲೆ ಮಾತ್ರ ಹತ್ತು ಪಟ್ಟು ಬೇರೆ. ಅಕ್ಕಿಯ ಮೂಟೆಯನ್ನು ಉಗ್ರಾಣದಲ್ಲಿ ಕೂಡಿಹಾಕಿ ದರ ಏರಲೆಂದು ಕಾಯುವ ಸಾಹುಕಾರನನ್ನು ನಮ್ಮ ಓದುಗರು ಬಲ್ಲರು. ಅವನಾದರೂ ಕೊನೆಗೆ ಅಕ್ಕಿಯನ್ನು ತಿನ್ನುವವನಿಗೇ ಮಾರುತ್ತಾನೆ. ಇವನು ಮಾರುವುದು ಇನ್ನೊಬ್ಬ ಕೂಡಿಹಾಕುವವನಿಗೆ.

ಎಲ್ಲ ಸಂಗ್ರಾಹಕರನ್ನೂ ಒಂದೇ ಕೋಲಿನಿಂದ ಹೊಡೆಯುವುದು ಅನ್ಯಾಯ. ಕಂಪನಿಗಳೂ ಸರ್ಕಾರವೂ ಈ ಹಾಡುಗಳನ್ನು ಕಸವೆಂದು ಕಂಡಾಗ, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಧೂಳು ಕುಡಿದು ಹುಡುಕಿ ಉಳಿಸಿದವರು ಸಂಗ್ರಾಹಕರೇ. ಅವರಿಲ್ಲದಿದ್ದರೆ ಎಷ್ಟೋ ತಂಡಗಳ ಹೆಸರೂ ಉಳಿಯುತ್ತಿರಲಿಲ್ಲ. ಕೇಳುವುದಕ್ಕಾಗಿ ಕೊಂಡವನಿಗೆ, ನಾಲ್ಕು ಜನರಿಗೆ ಕೇಳಿಸಿದವನಿಗೆ ನಮ್ಮ ನಮಸ್ಕಾರ. ನಮ್ಮ ಜಗಳವಿರುವುದು ತಾನೂ ಕೇಳದೆ ಪರರಿಗೂ ಕೇಳಿಸದೆ ಬೆಲೆಯ ಪಟ್ಟಿ ನೋಡುತ್ತ ಕುಳಿತವನೊಡನೆ.

“ಸ್ಟ್ರಾಂಡೆಡ್ ಎಷ್ಟೋ ಸಲ ಮರುಮುದ್ರಣವಾಗಿದೆ, ಯಾರು ಬೇಕಾದರೂ ಕೇಳಬಹುದು, ನನ್ನ ತಟ್ಟೆಯಿಂದ ಯಾರಿಗೇನು ನಷ್ಟ?” ಎಂದು ಅವನು ಕೇಳಬಹುದು. ನಿಜ, ಪ್ರಸಿದ್ಧರ ಮಾತು ಹಾಗೆ. ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಭಂಡಾರವು ೨೦೦೭ರಲ್ಲಿಯೇ ಆ ಹಾಡನ್ನು ದೇಶದ ಧ್ವನಿಸಂಪತ್ತಿನ ಪಟ್ಟಿಗೆ ಸೇರಿಸಿತು. ಆದರೆ ಒಂದೇ ತಟ್ಟೆ ಹಾಕಿಸಿ ಚದುರಿಹೋದ ತಂಡಗಳ ಗತಿ? ಮೂಲ ಟೇಪು ಕಳೆದಿದ್ದರೆ ಉಳಿದ ತಟ್ಟೆಯೇ ಮೂಲ. ಅದನ್ನು ಕಪಾಟಿನಲ್ಲಿ ಕೂಡಿಹಾಕಿದರೆ ಹಾಡನ್ನೇ ಕೂಡಿಹಾಕಿದಂತೆ. ಈ ಬರವನ್ನೇ ಬಳಸಿಕೊಂಡು ಕಳ್ಳ ಅಚ್ಚಿನವರು ತಟ್ಟೆ ಹೊರಡಿಸುತ್ತಾರೆ. ಹಾಡಿದವನಿಗೆ ಅಲ್ಲಿಯೂ ಬಿಡಿಗಾಸಿಲ್ಲ.

ಕಾನೂನಾದರೂ ನ್ಯಾಯ ನೋಡಿದೆಯೇ? ೨೦೧೦ರ ಜೂನಿನಿಂದ ಅದೇ ದೇಶದಲ್ಲಿ ಚಿತ್ರಕಾರನ ಕೃತಿ ವ್ಯಾಪಾರಿಗಳ ಮೂಲಕ ಸಾವಿರ ಡಾಲರು ಅಥವಾ ಹೆಚ್ಚಿಗೆ ಮರುಮಾರಾಟವಾದರೆ ನೂರಕ್ಕೆ ಐದು ಪಾಲು ಚಿತ್ರಕಾರನಿಗೆ ಸಲ್ಲುವ ಏರ್ಪಾಡಿದೆ. ತಟ್ಟೆ ಹಾಡಿದವನಿಗೆ ಅಂಥ ಪಾಲಿಲ್ಲ. ೨೦೨೨ರಲ್ಲಿ ಸೇಂಟ್ಸ್ ತಂಡದ ಗಾಯಕ ಕ್ರಿಸ್ ಬೈಲಿ ತೀರಿಕೊಂಡರು. ಅವರ ಆ ಮೊದಲ ತಟ್ಟೆ ಕೈಯಿಂದ ಕೈಗೆ ದಾಟಿದಾಗಲೆಲ್ಲ ಏರಿದ ಬೆಲೆಯಲ್ಲಿ ಹಾಡಿದ ಗಂಟಲಿಗೆ ಯಾವ ಹಕ್ಕೂ ಇರಲಿಲ್ಲ. ಬಿತ್ತಿದವನೊಬ್ಬ, ಬೆಳೆ ಕೊಯ್ದವನು ಮತ್ತೊಬ್ಬ!

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಮರುಮುದ್ರಣವಾಗದ ಹಾಡಿನ ತಟ್ಟೆ ಯಾರಲ್ಲಿದೆಯೋ ಅವರು ಅದನ್ನು ಶುದ್ಧ ಪ್ರತಿ ತೆಗೆಯಲು ಕೊಡಲಿ. ಹಾಡಿದವರೊಡನೆ ಬರಹದ ಕರಾರಾಗಿ, ಅವರಿಗೆ ಪಾಲು ಸಂದು, ಅದು ಸಾಮಾನ್ಯ ಬೆಲೆಗೆ ಹೊರಬರಲಿ. ಚಿತ್ರಕಾರನಿಗಿರುವ ಮರುಮಾರಾಟದ ಪಾಲು ತಟ್ಟೆ ಹಾಡಿದವನಿಗೂ ಸಿಗಲಿ. ಕಾನೂನು ಬರುವ ತನಕ ಮಾರಿದವನು ತಾನಾಗಿಯೇ ನೂರಕ್ಕೆ ಐದನ್ನು ಕಳುಹಿಸಲಿ, ಯಾರೂ ಬೇಡವೆನ್ನುವುದಿಲ್ಲ. ಕೊನೆಯದಾಗಿ, ಸಂಗ್ರಾಹಕರು ತಮ್ಮ ಕಾಲಾನಂತರ ತಟ್ಟೆಗಳನ್ನು ಹರಾಜಿಗಲ್ಲ, ಸಾರ್ವಜನಿಕ ಭಂಡಾರಗಳಿಗೆ ಬರೆದಿಡಲಿ.

ಇದರಲ್ಲಿ ಯಾವುದೂ ಅಸಾಧ್ಯವಲ್ಲ. ಕಾನೂನು ಬರಲು ತಡವಾದೀತು. ಕಪಾಟಿನ ಬೀಗದಕೈ ಮಾತ್ರ ಸಂಗ್ರಾಹಕನ ಜೇಬಿನಲ್ಲಿಯೇ ಇದೆ. ಇಂದು ಸಂಜೆಯೇ ಅದನ್ನು ತೆಗೆಯಲಿ, ನೆರೆಯ ಹುಡುಗರನ್ನು ಕರೆದು ಕೂರಿಸಲಿ, ಹಾಡು ಹಾಕಲಿ.